ಎರಡು ಮಾರುಕಟ್ಟೆಗಳ ನಡುವೆ: ಅಮೆರಿಕದ ಕ್ರೈಸ್ತ ಆಲ್ಟರ್ನೇಟಿವ್ ರಾಕ್

ಕ್ರೈಸ್ತ ಆಲ್ಟರ್ನೇಟಿವ್ ರಾಕ್ ರೂಪುಗೊಂಡದ್ದು 1980ರ ದಶಕದ ಮೊದಲ ವರ್ಷಗಳಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಚರ್ಚುಗಳ ಆಸುಪಾಸಿನಲ್ಲಿ. ಪಂಕ್, ನ್ಯೂ ವೇವ್, ಆಮೇಲೆ ಶೂಗೇಜ್, ಗ್ರಂಜ್ ಶೈಲಿಗಳಲ್ಲಿ ಹಾಡು ಕಟ್ಟಿದ ಈ ತಂಡಗಳ ಸದಸ್ಯರು ಹೆಚ್ಚುಕಡಿಮೆ ಎಲ್ಲರೂ ಇವಾಂಜೆಲಿಕಲ್ ಪಂಥದ ಒಡನಾಟದಲ್ಲಿದ್ದವರು. ಅವರ ಹಾಡುಗಳು ಸಭೆ ಸೇರಿ ಹಾಡುವ ಕೀರ್ತನೆಗಳಲ್ಲ, ಜನರನ್ನು ಮತಕ್ಕೆ ಕರೆಯುವ ಪ್ರಚಾರಗೀತೆಗಳೂ ಅಲ್ಲ. ನಂಬಿಕೆಯುಳ್ಳ ಮನುಷ್ಯನ ಸಂಸಾರ, ಭಯ, ಸಂಶಯ, ಸಿಟ್ಟು, ಅಪರೂಪಕ್ಕೆ ದಕ್ಕುವ ಸಮಾಧಾನ ಅವುಗಳ ವಸ್ತು. ಆದರೆ ಅವು ಮಾರಾಟಕ್ಕೆ ಸಿಗುತ್ತಿದ್ದುದು ಬೈಬಲನ್ನೂ ಪ್ರವಚನದ ಪುಸ್ತಕಗಳನ್ನೂ ಮಾರುವ ಕ್ರೈಸ್ತ ಪುಸ್ತಕದಂಗಡಿಗಳಲ್ಲಿ. ರಾಕ್ ರೇಡಿಯೊ ಕೇಂದ್ರಗಳು ಇವನ್ನು ಧಾರ್ಮಿಕವೆಂದು ಬದಿಗಿಟ್ಟವು. ಚರ್ಚಿನ ಹಿರಿಯರು ಲೌಕಿಕವೆಂದು ಶಂಕಿಸಿದರು. ಈ ಇಕ್ಕಟ್ಟಿನಲ್ಲೇ ಈ ಪ್ರಕಾರದ ಸ್ವರ ಹದಗೊಂಡಿತು. ಇದೇ ಇಕ್ಕಟ್ಟಿನಿಂದ ಅದರ ಉತ್ತಮ ಆಲ್ಬಂಗಳು ಬಹುಬೇಗ ಕಣ್ಮರೆಯಾದವು.

ಇದರ ಬೇರು 1960ರ ದಶಕದ ಕೊನೆಯ ಜೀಸಸ್ ಚಳವಳಿಯಲ್ಲಿದೆ. ಹಿಪ್ಪಿ ಬದುಕಿನಿಂದ ಬೇಸತ್ತ ಯುವಜನರು ಆಗ ದೊಡ್ಡ ಸಂಖ್ಯೆಯಲ್ಲಿ ಕ್ರಿಸ್ತನ ಕಡೆ ತಿರುಗಿದರು. ದಕ್ಷಿಣ ಕ್ಯಾಲಿಫೋರ್ನಿಯಾದ ಕೋಸ್ಟಾ ಮೇಸಾದಲ್ಲಿದ್ದ ಕ್ಯಾಲ್ವರಿ ಚಾಪೆಲ್‌ನ ಪಾದ್ರಿ ಚಕ್ ಸ್ಮಿತ್, ಉದ್ದ ಕೂದಲಿನ ಆ ಹುಡುಗರನ್ನು ಗಿಟಾರಿನ ಸಮೇತ ಒಳಗೆ ಕರೆದುಕೊಂಡರು. ಅವರ ಹಾಡುಗಳನ್ನು ಹೊರತರಲು 1971ರಲ್ಲಿ ಮಾರನಾಥಾ ಮ್ಯೂಸಿಕ್ ಎಂಬ ಸಂಸ್ಥೆ ಹುಟ್ಟಿತು. ಅದೇ ವರ್ಷದ ಜೂನ್‌ನಲ್ಲಿ ಟೈಮ್ ಪತ್ರಿಕೆ ಈ ಚಳವಳಿಯನ್ನು ಮುಖಪುಟಕ್ಕೆ ತಂದಿತು. ಇದಕ್ಕೂ ಮೊದಲೇ, 1969ರಲ್ಲಿ, ಲ್ಯಾರಿ ನಾರ್ಮನ್ ಎಂಬ ಗಾಯಕ ಕ್ಯಾಪಿಟಲ್ ಕಂಪನಿಯ ಮೂಲಕ ‘ಅಪಾನ್ ದಿಸ್ ರಾಕ್’ ಹೊರತಂದಿದ್ದ. ಕ್ರೈಸ್ತ ರಾಕ್‌ನ ಮೊದಲ ಆಲ್ಬಂ ಎಂದು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. 1972ರಲ್ಲಿ ಆತ ಲಂಡನ್ನಿನ ಏರ್ ಸ್ಟುಡಿಯೊದಲ್ಲಿ ಸಿದ್ಧಪಡಿಸಿದ ‘ಓನ್ಲಿ ವಿಸಿಟಿಂಗ್ ದಿಸ್ ಪ್ಲಾನೆಟ್’ ಇನ್ನೂ ಗಟ್ಟಿಯಾದ ಕೃತಿ: ಯುದ್ಧ, ಪತ್ರಿಕೆಗಳ ಸುಳ್ಳು, ಮುರಿದ ಪ್ರೇಮ ಎಲ್ಲವೂ ಅದರಲ್ಲಿದ್ದವು. ಭಕ್ತಿ ಮತ್ತು ಬೀದಿಯ ಮಾತು ಒಂದೇ ಹಾಡಿನಲ್ಲಿ ಕೂಡಬಹುದು ಎಂಬುದನ್ನು ಮುಂದಿನವರು ಕಲಿತದ್ದು ನಾರ್ಮನ್‌ನಿಂದ.

1970ರ ದಶಕದ ಕೊನೆಗೆ ಚಳವಳಿ ತಣ್ಣಗಾಗಿ, ಅದರ ಜಾಗದಲ್ಲಿ ಒಂದು ಉದ್ಯಮ ನಿಂತಿತು. ಟೆಕ್ಸಸ್‌ನ ವೇಕೋ ಊರಿನಲ್ಲಿ 1951ರಲ್ಲಿ ಶುರುವಾಗಿದ್ದ ವರ್ಡ್ ಎಂಬ ಕ್ರೈಸ್ತ ರೆಕಾರ್ಡ್ ಕಂಪನಿಯನ್ನು 1974ರಲ್ಲಿ ಎಬಿಸಿ ಪ್ರಸಾರ ಸಂಸ್ಥೆ ಕೊಂಡುಕೊಂಡಿತು. 1978ರಲ್ಲಿ ಕ್ರೈಸ್ತ ಸಂಗೀತಕ್ಕೆಂದೇ ಸಿಸಿಎಂ ಪತ್ರಿಕೆ ಆರಂಭವಾಯಿತು. ಚರ್ಚಿಗೆ ಹೋಗುವ ಕುಟುಂಬಗಳೇ ಈ ಉದ್ಯಮದ ಗಿರಾಕಿಗಳು. ಎಷ್ಟೋ ಮನೆಗಳಲ್ಲಿ ಹದಿಹರೆಯದ ಮಕ್ಕಳು ಸಾಮಾನ್ಯ ರಾಕ್ ಕೇಳುವುದಕ್ಕೆ ಅಡ್ಡಿಯಿತ್ತು. ಯುವಕೂಟಗಳು ರಾಕ್ ರೆಕಾರ್ಡುಗಳನ್ನು ರಾಶಿ ಹಾಕಿ ಸುಟ್ಟದ್ದೂ ಉಂಟು. ಅಂಗಡಿಯವರು ಇದಕ್ಕೊಂದು ಉಪಾಯ ಕಂಡುಕೊಂಡರು. ಇಂಥ ಲೌಕಿಕ ತಂಡ ಇಷ್ಟವಾದರೆ ಅದರ ಬದಲಿಗೆ ಇಂಥ ಕ್ರೈಸ್ತ ತಂಡವನ್ನು ಕೇಳಿ ಎಂದು ಸೂಚಿಸುವ ಪಟ್ಟಿಗಳನ್ನು ಗೋಡೆಗೆ ಅಂಟಿಸಿದರು. ಈ ಪಟ್ಟಿಗಳು ಸಂಗೀತಗಾರರಿಗೆ ಅನ್ಯಾಯ ಮಾಡಿದವು. ಪ್ರತಿ ತಂಡವೂ ಮತ್ತೊಂದರ ನಕಲು ಎಂಬ ಭಾವನೆಯನ್ನು ಬಿತ್ತಿದ್ದೇ ಅವು. ಆದರೂ ಸಣ್ಣ ಊರುಗಳ ಸಾವಿರಾರು ಮಕ್ಕಳಿಗೆ ಹೊಸ ಸದ್ದಿನ ಕಡೆಗೆ ತೆರೆದಿದ್ದ ಬಾಗಿಲು ಅದೊಂದೇ. ಎಲೆಕ್ಟ್ರಿಕ್ ಗಿಟಾರಿನ ಕರ್ಕಶ ನಾದವೂ ಸುಂದರವಾಗಿರಬಲ್ಲದು ಎಂದು ಅವರು ಮೊದಲು ತಿಳಿದದ್ದು ಬೈಬಲ್ ಅಂಗಡಿಯಲ್ಲಿ ಕೊಂಡ ಕ್ಯಾಸೆಟ್ಟಿನಿಂದ.

ಅಂಥ ಕ್ಯಾಸೆಟ್ಟುಗಳಲ್ಲಿ ಮೊದಲ ಸಾಲಿನವು ಡ್ಯಾನಿಯಲ್ ಏಮಸ್ ತಂಡದವು. ಟೆರ‍್ರಿ ಸ್ಕಾಟ್ ಟೇಲರ್ ಮುನ್ನಡೆಸಿದ ಈ ತಂಡ 1976ರಲ್ಲಿ ಮಾರನಾಥಾ ಮೂಲಕ ತಂದ ಮೊದಲ ಆಲ್ಬಂ ಪೂರಾ ಕಂಟ್ರಿ ಶೈಲಿಯದು. 1978ರ ಹೊತ್ತಿಗೆ ‘ಹೊರೆಂಡಸ್ ಡಿಸ್ಕ್’ ಎಂಬ ಗಟ್ಟಿ ರಾಕ್ ಆಲ್ಬಂ ಮುಗಿದಿತ್ತಾದರೂ, ಲ್ಯಾರಿ ನಾರ್ಮನ್‌ನ ಸಾಲಿಡ್ ರಾಕ್ ಸಂಸ್ಥೆಯಲ್ಲಿ ವರ್ಷಗಟ್ಟಲೆ ಉಳಿದು 1981ರಲ್ಲಿ ಹೊರಬಂತು. ಅಷ್ಟರಲ್ಲಿ ತಂಡ ನ್ಯೂ ವೇವ್ ಕಡೆ ಹೊರಳಿ ‘ಅಲಾರ್ಮಾ’ ಸಿದ್ಧಪಡಿಸಿತ್ತು. ಕಂಟ್ರಿ ಹಾಡಿನ ತಂಡವೆಂದು ನಂಬಿದ್ದ ಕೇಳುಗರಿಗೆ ಒಂದೇ ವರ್ಷದಲ್ಲಿ ಎರಡು ಬೇರೆ ಬೇರೆ ಮುಖಗಳು ಎದುರಾದವು. ‘ಅಲಾರ್ಮಾ’, ‘ಡಾಪಲ್‌ಗ್ಯಾಂಗರ್’ (1983), ‘ವಾಕ್ಸ್ ಹ್ಯೂಮಾನಾ’ (1984), ‘ಫಿಯರ್‌ಫುಲ್ ಸಿಮೆಟ್ರಿ’ (1986) ಈ ನಾಲ್ಕೂ ಸೇರಿ ಅಲಾರ್ಮಾ ಕ್ರಾನಿಕಲ್ಸ್ ಎಂಬ ಒಂದೇ ಮಾಲೆ. ಹಾಡುಗಳ ಜೊತೆಗೆ ಟೇಲರ್ ಬರೆದ ಕಥೆಯೂ ಕಂತುಗಳಲ್ಲಿ ಬಂತು. ಚರ್ಚಿನ ಹುಸಿ ಸಂಭ್ರಮ, ಟೆಲಿವಿಷನ್ ಪ್ರವಚನಕಾರರ ಹಣದಾಸೆ, ಕನ್ನಡಿಯಲ್ಲಿ ಕಾಣುವ ಇನ್ನೊಬ್ಬ ತಾನು ಅದರ ವಿಷಯ. ನಾಲ್ಕನೆಯದರ ಹೆಸರು ವಿಲಿಯಂ ಬ್ಲೇಕ್‌ನ ಹುಲಿಯ ಕವಿತೆಯಿಂದ ಬಂದದ್ದು.

ಆ ಮಾಲೆ ಮುಗಿದ ಮರುವರ್ಷ ಬಂದ ‘ಡಾರ್ನ್ ಫ್ಲೋರ್, ಬಿಗ್ ಬೈಟ್’ ಈ ಇಡೀ ಪರಂಪರೆಯ ಅತ್ಯುತ್ತಮ ಕೃತಿ ಎನ್ನಲು ಹಿಂಜರಿಯಬೇಕಿಲ್ಲ. ಸನ್ನೆಭಾಷೆ ಕಲಿತಿದ್ದ ಕೋಕೋ ಎಂಬ ಗೊರಿಲ್ಲಾ ಭೂಕಂಪವನ್ನು ಬಣ್ಣಿಸಿದ ರೀತಿಯಿಂದ ಈ ಹೆಸರು ಹುಟ್ಟಿತು. ನೆಲವೇ ಕಚ್ಚಿತು ಎಂದು ಒಂದು ಪ್ರಾಣಿ ಹೇಳಲು ಹೆಣಗಿದಂತೆ, ದೇವರ ಬಗ್ಗೆ ಮನುಷ್ಯರ ಮಾತೂ ಅಷ್ಟೇ ತೊದಲು ಎಂಬುದು ಟೇಲರ್‌ನ ಆಶಯ. ತುಂಡುತುಂಡಾಗಿ ನುಡಿಯುವ ಗಿಟಾರುಗಳು, ಕೂಡಿಯೂ ಕೂಡದ ತಾಳಗಳು ಆ ಆಶಯಕ್ಕೆ ಸರಿಯಾಗಿ ಒದಗಿವೆ. ದೇವರನ್ನು ಸಲೀಸಾಗಿ ವಿವರಿಸಿಬಿಡುವ ಹಾಡುಗಳಿಗೆ ಒಗ್ಗಿದ್ದ ಅಂಗಡಿಗಳಲ್ಲಿ ಇದು ಹೆಚ್ಚು ಖರ್ಚಾಗಲಿಲ್ಲ.

ಉತ್ತರ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಇದೇ ಕಾಲಕ್ಕೆ ಇನ್ನೊಂದು ಕೇಂದ್ರ ಬೆಳೆಯಿತು. ಅಲ್ಲಿನ ವೇರ್‌ಹೌಸ್ ಚರ್ಚಿನ ಆಸರೆಯಲ್ಲಿ ಮೇರಿ ನೀಲಿ ಎಕ್ಸಿಟ್ ರೆಕಾರ್ಡ್ಸ್ ನಡೆಸಿದರು. ಕ್ರೈಸ್ತ ಅಂಗಡಿಗಳಾಚೆಗೆ, ಸಾಮಾನ್ಯ ಮಾರುಕಟ್ಟೆಗೇ ನೇರವಾಗಿ ತಲುಪಬೇಕೆಂಬುದು ಅವರ ಹಂಬಲ. ಅಲ್ಲಿಂದ ಬಂದ ಪ್ರಮುಖ ತಂಡ ಸೆವೆಂಟಿ ಸೆವೆನ್ಸ್. ಅದರ ನಾಯಕ ಮೈಕ್ ರೋ ಒಳ್ಳೆಯ ಗಿಟಾರ್ ವಾದಕ, ಬ್ಲೂಸ್ ಬಲ್ಲವನು. 1984ರ ‘ಆಲ್ ಫಾಲ್ ಡೌನ್’ ಆಲ್ಬಂನಿಂದ ತಂಡಕ್ಕೆ ಹೆಸರು ಬಂತು. 1987ರಲ್ಲಿ ತಂಡದ ಹೆಸರನ್ನೇ ಹೊತ್ತ ಆಲ್ಬಂ ಐಲ್ಯಾಂಡ್ ಕಂಪನಿಯ ಮೂಲಕ ದೇಶದ ದೊಡ್ಡ ಮಾರುಕಟ್ಟೆಗೆ ಹೋಯಿತು. ಆ ವರ್ಷದ ಮಾರ್ಚ್‌ನಲ್ಲೇ ಅದೇ ಕಂಪನಿ ಯು2 ತಂಡದ ‘ದ ಜೋಶುವಾ ಟ್ರೀ’ ಬಿಡುಗಡೆ ಮಾಡಿತ್ತು. ಕಂಪನಿಯ ಗಮನವೆಲ್ಲ ಅದರ ಮೇಲೇ ಇದ್ದಾಗ ಸ್ಯಾಕ್ರಮೆಂಟೊದ ಹೊಸಬರಿಗೆ ಪ್ರಚಾರ ಸಿಗುವುದು ಕಷ್ಟವಿತ್ತು. ಆ ಅವಕಾಶ ಹಾಗೆಯೇ ಕೈತಪ್ಪಿತು. ಬಯಕೆ ಮತ್ತು ಆತ್ಮಸಾಕ್ಷಿಯ ಜಗ್ಗಾಟವನ್ನು ಯಾವ ಉಪದೇಶವೂ ಇಲ್ಲದೆ ಹಾಡಿದ ರೋನ ದನಿ ಮಾತ್ರ ಇಂದಿಗೂ ಹಳತಾಗಿಲ್ಲ.

ದಕ್ಷಿಣದ ಆರೆಂಜ್ ಕೌಂಟಿಯಲ್ಲಿ ಆಲ್ಟರ್ ಬಾಯ್ಸ್, ಅಂಡರ್‌ಕವರ್, ಲೈಫ್‌ಸೇವರ್ಸ್ ಮೊದಲಾದ ಪಂಕ್ ತಂಡಗಳು ಒಂದರ ಹಿಂದೊಂದು ಬಂದವು. ಮೊದಲಿಗೆ ಇವು ಲವಲವಿಕೆಯ, ಸರಳ ಸುವಾರ್ತೆಯ ಹಾಡುಗಳನ್ನು ಹಾಡಿದವು. ದಶಕದ ನಡುವಿಗೆ ಬಣ್ಣ ಗಾಢವಾಯಿತು. ಅಂಡರ್‌ಕವರ್‌ನ ‘ಬ್ರ್ಯಾಂಡೆಡ್’ (1986), ಮೈಕಲ್ ನಾಟ್ ಲೈಫ್‌ಸೇವರ್ಸ್ ಅಂಡರ್‌ಗ್ರೌಂಡ್ ಎಂದು ತನ್ನ ತಂಡದ ಹೆಸರು ಬದಲಿಸಿ ತಂದ ‘ಶೇಡೆಡ್ ಪೇನ್’ (1987) ಎರಡೂ ನೋವಿನ ಆಲ್ಬಂಗಳು. ಎರಡನೆಯದನ್ನು ಇಟ್ಟುಕೊಳ್ಳಲು ಕೆಲವು ಅಂಗಡಿಗಳು ಒಪ್ಪಲಿಲ್ಲ. ಅದೇ 1987ರಲ್ಲಿ ಗಾಯಕ ಸ್ಟೀವ್ ಟೇಲರ್, ಗರ್ಭಪಾತದ ಆಸ್ಪತ್ರೆಗಳಿಗೆ ಬಾಂಬಿಡುವವರನ್ನು ವಿಡಂಬಿಸಿ ಬರೆದ ಹಾಡಿಗಾಗಿ ಆತನ ಆಲ್ಬಂ ಹಲವು ಅಂಗಡಿಗಳಿಂದ ಹೊರಬಿತ್ತು. ಟೆಲಿವಿಷನ್ ಪ್ರವಚನಕಾರ ಜಿಮ್ಮಿ ಸ್ವಾಗರ್ಟ್ ಕ್ರೈಸ್ತ ರಾಕ್ ವಿರುದ್ಧ ಒಂದು ಪುಸ್ತಕವನ್ನೇ ಹೊರತಂದದ್ದೂ ಆ ವರ್ಷವೇ.

ಯೂತ್ ಕ್ವಾಯರ್ ಎಂದು ಶುರುವಾಗಿ ದ ಕ್ವಾಯರ್ ಎಂದು ಹೆಸರಾದ ತಂಡದ ದಾರಿ ಬೇರೆ. ಡ್ರಮ್ಮರ್ ಸ್ಟೀವ್ ಹಿಂಡಲಾಂಗ್ ಪದ ಬರೆಯುತ್ತಿದ್ದ. ಡೆರಿ ಡಾಹರ್ಟಿ ಗಿಟಾರಿನಲ್ಲಿ ಮಂಜಿನಂಥ ನಾದಪದರ ಹರಡಿ, ಮೆತ್ತನೆಯ ದನಿಯಲ್ಲಿ ಹಾಡುತ್ತಿದ್ದ. ದಾಂಪತ್ಯ, ಹುಟ್ಟುವ ಮಗು, ಗೆಳೆಯರ ಕಷ್ಟಗಳೇ ಇವರ ಹಾಡುಗಳು. ‘ಚೇಸ್ ದ ಕಾಂಗರೂ’ (1988), ‘ವೈಡ್ ಐಡ್ ವಂಡರ್’ (1989), ‘ಸರ್ಕಲ್ ಸ್ಲೈಡ್’ (1990) ಮೂರೂ ವರ್ಷಕ್ಕೊಂದರಂತೆ ಬಂದವು. ಕೊನೆಯದರ ಶೀರ್ಷಿಕೆ ಗೀತೆಯ ದೀರ್ಘ, ಅಲೆಯಲೆಯಾದ ಗಿಟಾರು ಶೂಗೇಜ್ ಶೈಲಿಗೆ ಹತ್ತಿರದ್ದು. ಆ ಶೈಲಿ ಬ್ರಿಟನ್ನಿನಲ್ಲಿ ಆಗತಾನೇ ಮೈದಳೆಯುತ್ತಿತ್ತು. ಈ ತಂಡವನ್ನು ನಕಲು ಎನ್ನುವವರು ತಾರೀಖುಗಳನ್ನು ನೋಡಬೇಕು.

ಇಷ್ಟು ಹರಡಿಕೊಂಡಿದ್ದ ತಂಡಗಳನ್ನೂ ಕೇಳುಗರನ್ನೂ ಒಂದೆಡೆ ಸೇರಿಸಿದ್ದು ಕಾರ್ನರ್‌ಸ್ಟೋನ್ ಉತ್ಸವ. ಷಿಕಾಗೋ ನಗರದಲ್ಲಿ ಸಾಮುದಾಯಿಕ ಬದುಕು ನಡೆಸುತ್ತಿದ್ದ ಜೀಸಸ್ ಪೀಪಲ್ ಯುಎಸ್ಎ ಬಳಗ 1984ರಲ್ಲಿ ಇಲಿನಾಯ್ ರಾಜ್ಯದ ಗ್ರೇಸ್‌ಲೇಕ್‌ನಲ್ಲಿ ಇದನ್ನು ಆರಂಭಿಸಿತು. 1991ರಿಂದ ಅದು ಅದೇ ರಾಜ್ಯದ ಬುಷ್ನೆಲ್ ಎಂಬ ಹಳ್ಳಿಗಾಡಿನ ಊರಿನ ಬಳಿ ನಡೆಯಿತು. ಡೇರೆಗಳಲ್ಲಿ ಮಲಗಿ, ಧೂಳು ಕುಡಿದು, ಬೆಳಿಗ್ಗೆ ದೇವತಾಶಾಸ್ತ್ರ, ಸಾಹಿತ್ಯದ ಉಪನ್ಯಾಸ ಕೇಳಿ, ರಾತ್ರಿ ಹಾಡಿಗೆ ಕುಣಿಯುವುದು ಅಲ್ಲಿನ ಕ್ರಮ. ತಮ್ಮ ಚರ್ಚಿನಲ್ಲಿ ಒಂಟಿಯಾಗಿದ್ದವರಿಗೆ ತಮ್ಮಂಥವರು ಇನ್ನೂ ಸಾವಿರಾರು ಮಂದಿ ಇದ್ದಾರೆಂದು ಗೊತ್ತಾಗುತ್ತಿದ್ದುದು ಅಲ್ಲಿಯೇ.

ಆ ಮೈದಾನದಲ್ಲಿ 1992ರ ಜುಲೈ 4ರಂದು ಗಾಯಕ ಮಾರ್ಕ್ ಹರ್ಡ್ ವೇದಿಕೆಯ ಮೇಲಿದ್ದಾಗಲೇ ಹೃದಯಾಘಾತಕ್ಕೆ ಒಳಗಾದ. ಹಾಡು ಮುಗಿಸಿಯೇ ಆಸ್ಪತ್ರೆಗೆ ಹೋದ. ಆಗಸ್ಟ್ 16ರಂದು, 40ನೇ ವಯಸ್ಸಿನಲ್ಲಿ, ತೀರಿಕೊಂಡ. ಜಾರ್ಜಿಯಾದ ಮೇಕನ್ ಊರಿನ ಹರ್ಡ್, ಸ್ವಿಟ್ಜರ್ಲೆಂಡಿನಲ್ಲಿ ಫ್ರಾನ್ಸಿಸ್ ಶೇಫರ್ ನಡೆಸುತ್ತಿದ್ದ ಲಾಬ್ರಿ ಆಶ್ರಮದಲ್ಲಿ ಕಲಿತವನು. ದೊಡ್ಡ ಕಂಪನಿಗಳ ಸಹವಾಸ ಬಿಟ್ಟು ಸ್ವಂತ ಸಂಸ್ಥೆಯಿಂದ ತಂದ ‘ಡ್ರೈ ಬೋನ್ಸ್ ಡ್ಯಾನ್ಸ್’ (1990), ‘ಸೆಕೆಂಡ್ ಹ್ಯಾಂಡ್’ (1991), ‘ಸ್ಯಾಟಲೈಟ್ ಸ್ಕೈ’ (1992) ಆತನ ಪಕ್ವ ಕೃತಿಗಳು. ಕಾಲ ಕಳೆಯುವ ದುಃಖವನ್ನು ಇಷ್ಟು ಸಾಂದ್ರವಾಗಿ ಬರೆದ ಗೀತಕಾರರು ಅಮೆರಿಕದಲ್ಲಿ ವಿರಳ. ಆತ ಸತ್ತ ಎರಡು ವರ್ಷಕ್ಕೆ ಗೆಳೆಯರು ಸೇರಿ ಆತನ ಹಾಡುಗಳ ಶ್ರದ್ಧಾಂಜಲಿ ಆಲ್ಬಂ ತಂದಾಗ ಕೆನಡಾದ ಪ್ರಸಿದ್ಧ ಗಾಯಕ ಬ್ರೂಸ್ ಕಾಕ್‌ಬರ್ನ್ ಕೂಡ ಅದರಲ್ಲಿ ಹಾಡಿದ. ಬದುಕಿದ್ದಾಗ ಸಿಗದ ಮನ್ನಣೆ ಅದು.

1992ರಲ್ಲೇ ಬಂದ ಇನ್ನೊಂದು ದೊಡ್ಡ ಆಲ್ಬಂ ಆಡಂ ಅಗೇನ್ ತಂಡದ ‘ಡಿಗ್’. ಹಿಂದೆ ಬಾಲನಟನಾಗಿದ್ದ ಜೀನ್ ಯೂಜೀನ್ ಇದರ ನಾಯಕ. ಹಾಡಿನಲ್ಲಿ ದನಿಗೂಡಿಸುತ್ತಿದ್ದ ರಿಕಿ ಮಿಷೆಲ್ ಆಗ ಆತನ ಹೆಂಡತಿ. ಮುರಿಯುತ್ತಿದ್ದ ಆ ದಾಂಪತ್ಯದ ನೆರಳು ಆಲ್ಬಂ ಮೇಲೆ ದಟ್ಟವಾಗಿ ಬಿದ್ದಿದೆ. ಓಹಾಯೊದ ಕ್ಲೀವ್‌ಲ್ಯಾಂಡ್‌ನಲ್ಲಿ ಕೈಗಾರಿಕೆಗಳ ಕೊಳೆ ತುಂಬಿದ ಕಯಹೋಗಾ ನದಿ ಹೊತ್ತಿ ಉರಿದ ಘಟನೆಯನ್ನು ಎತ್ತಿಕೊಂಡು, ಸಂಸಾರದ ಉರಿಯನ್ನು ಹೇಳುವ ಹಾಡು ಅದರಲ್ಲಿದೆ. ಗಂಡಹೆಂಡಿರಿಬ್ಬರೂ ಒಂದೇ ತಂಡದಲ್ಲಿದ್ದು ಅದನ್ನು ಹಾಡಬೇಕಾಗಿತ್ತು ಎಂಬುದು ನೆನಪಾದರೆ ಹಾಡಿನ ಭಾರ ತಿಳಿಯುತ್ತದೆ. ಯೂಜೀನ್, ಟೆರ‍್ರಿ ಟೇಲರ್, ಮೈಕ್ ರೋ, ಡೆರಿ ಡಾಹರ್ಟಿ ನಾಲ್ವರೂ ಲಾಸ್ಟ್ ಡಾಗ್ಸ್ ಎಂಬ ಕೂಡು ತಂಡ ಕಟ್ಟಿ ಆ ವರ್ಷ ‘ಸೀನಿಕ್ ರೂಟ್ಸ್’ ತಂದರು. ಹಂಟಿಂಗ್ಟನ್ ಬೀಚ್‌ನ ಮನೆಯೊಂದರಲ್ಲಿದ್ದ ಯೂಜೀನ್‌ನ ಗ್ರೀನ್ ರೂಮ್ ಸ್ಟುಡಿಯೊದಲ್ಲಿ ಆ ಕಾಲದ ಲೆಕ್ಕವಿಲ್ಲದಷ್ಟು ಆಲ್ಬಂಗಳು ತಯಾರಾದವು. 2000ದ ಮಾರ್ಚ್ 20ರಂದು ಆತ ಅದೇ ಸ್ಟುಡಿಯೊದಲ್ಲಿ ಸತ್ತಾಗ ವಯಸ್ಸು 38.

ಈ ಹಾಡುಗಳಲ್ಲಿ ಸಂಶಯ ಯಾಕಿಷ್ಟು ಎಂದು ಆಗಿನ ಚರ್ಚಿನವರು ಕೇಳಿದ್ದುಂಟು. ಆದರೆ ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿರುವ 150 ಕೀರ್ತನೆಗಳಲ್ಲಿ ದೊಡ್ಡ ಪಾಲು ಗೋಳಾಟದ್ದೇ. 88ನೇ ಕೀರ್ತನೆ ಯಾವ ಸಾಂತ್ವನವೂ ಇಲ್ಲದೆ ಕತ್ತಲಲ್ಲಿ ಮುಗಿಯುತ್ತದೆ. ಹರಿದಾಸರ ನಿಂದಾಸ್ತುತಿಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ, ದೇವರೊಡನೆ ಜಗಳವಾಡುವುದು ಭಕ್ತಿಯ ಹೊರಗಿನದಲ್ಲ ಎಂದು ಬಿಡಿಸಿ ಹೇಳಬೇಕಿಲ್ಲ. 1980ರ ದಶಕದ ಅಮೆರಿಕದ ಇವಾಂಜೆಲಿಕಲ್ ಸಂಸ್ಕೃತಿ ಗೆಲುವಿನ ಹಾಡನ್ನಷ್ಟೇ ಬಯಸುತ್ತಿತ್ತು. ಆಲ್ಟರ್ನೇಟಿವ್ ತಂಡಗಳು ಅದಕ್ಕೆ ಅದರದೇ ಗ್ರಂಥದ ಮರೆತ ಪುಟಗಳನ್ನು ನೆನಪಿಸಿದವು.

1990ರ ದಶಕದಲ್ಲಿ ಚಿತ್ರ ಬದಲಾಯಿತು. ಮೈಕಲ್ ನಾಟ್ ಕಟ್ಟಿದ ಬ್ಲಾಂಡ್ ವಿನೈಲ್ ಸಂಸ್ಥೆ, ಅದರ ವಿತರಕರು ದಿವಾಳಿಯಾದಾಗ ತಾನೂ ಮುಳುಗಿತು. ಆ ಖಾಲಿ ಜಾಗವನ್ನು ತುಂಬಿದ್ದು ಟೂತ್ ಅಂಡ್ ನೇಲ್. ಫ್ರಂಟ್‌ಲೈನ್ ಕಂಪನಿಯಲ್ಲಿ ಕೆಲಸ ಮಾಡಿದ್ದ ಬ್ರ್ಯಾಂಡನ್ ಈಬೆಲ್ 1993ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುಮಾಡಿ, ಮುಂದೆ ಸಿಯಾಟಲ್‌ಗೆ ಒಯ್ದ ಸಂಸ್ಥೆ ಇದು. ಇದರ ತಂಡಗಳು ಹಾಡಿನಲ್ಲಿ ಮತದ ಮಾತನ್ನು ತೀರ ಕಡಿಮೆ ಆಡಿದವು. ಜೇಸನ್ ಮಾರ್ಟಿನ್‌ನ ಸ್ಟಾರ್‌ಫ್ಲೈಯರ್ 59 ಇವುಗಳಲ್ಲಿ ಮೇಲಿನದು. 1994ರ ಮೊದಲ ಆಲ್ಬಂನ ಹೊದಿಕೆ ಬೆಳ್ಳಿಯ ಬಣ್ಣದ್ದು, 1995ರದ್ದು ಚಿನ್ನದ್ದು; ಅಭಿಮಾನಿಗಳು ಅವನ್ನು ಗುರುತಿಸುವುದೂ ಹಾಗೆಯೇ, ‘ಸಿಲ್ವರ್’, ‘ಗೋಲ್ಡ್’ ಎಂದು. ಪದರದ ಮೇಲೆ ಪದರವಾಗಿ ಗಿಟಾರು ಗರ್ಜಿಸುವಾಗ ಮಾರ್ಟಿನ್ ಗುಟ್ಟು ಹೇಳುವಷ್ಟು ಸಣ್ಣ ದನಿಯಲ್ಲಿ ಹಾಡುತ್ತಾನೆ. ಸಿಯಾಟಲ್ ಕಡೆಯ ಪೂರ್ ಓಲ್ಡ್ ಲೂ ತಂಡದ ‘ಸಿನ್’ (1994) ಫ್ರಂಟ್‌ಲೈನ್ ಬಳಗದಿಂದ ಬಂದದ್ದಾದರೂ ಇದೇ ಪೀಳಿಗೆಯದು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್ ಊರಿನ ಎಂಎಕ್ಸ್‌ಪಿಎಕ್ಸ್ ಹುಡುಗರು ಪಂಕ್‌ನಲ್ಲಿ ದೇಶವಿಡೀ ಹೆಸರಾದರು.

ದೊಡ್ಡ ಹಣ ಬಂದದ್ದು ಇದೇ ಹೊತ್ತಿಗೆ. 1992ರಲ್ಲಿ ಥಾಮಸ್ ನೆಲ್ಸನ್ ಪ್ರಕಾಶನ ವರ್ಡ್ ಕಂಪನಿಯನ್ನೂ ಇಎಂಐ ಸ್ಪ್ಯಾರೋ ಕಂಪನಿಯನ್ನೂ ಕೊಂಡವು. 1995ರಿಂದ ಕ್ರೈಸ್ತ ಅಂಗಡಿಗಳ ಮಾರಾಟವೂ ರೆಕಾರ್ಡುಗಳ ಲೆಕ್ಕವಿಡುವ ಸೌಂಡ್‌ಸ್ಕ್ಯಾನ್ ಎಣಿಕೆಗೆ ಸೇರಿತು. ಅಲ್ಲಿಯವರೆಗೆ ಕಾಣದಿದ್ದ ಗಿರಾಕಿಗಳು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಕಾಣತೊಡಗಿದರು. ಆ ವರ್ಷ ಇಲಿನಾಯ್‌ನ ಗ್ರೀನ್‌ವಿಲ್ ಕಾಲೇಜಿನ ಹುಡುಗರು ಕಟ್ಟಿದ ಜಾರ್ಸ್ ಆಫ್ ಕ್ಲೇ ತಂಡದ ಮೊದಲ ಆಲ್ಬಂ, ನವೆಂಬರ್‌ನಲ್ಲಿ ಡಿಸಿ ಟಾಕ್‌ನ ‘ಜೀಸಸ್ ಫ್ರೀಕ್’ ಬಂದು ಲಕ್ಷಗಟ್ಟಲೆ ಮಾರಾಟವಾದವು. ಟೆಕ್ಸಸ್‌ನ ಸಿಕ್ಸ್‌ಪೆನ್ಸ್ ನನ್ ದ ರಿಚರ್ ತಂಡ, ತನ್ನ ಕಂಪನಿ ಮುಚ್ಚಿ ಅತಂತ್ರವಾಗಿದ್ದಾಗ ಸ್ಟೀವ್ ಟೇಲರ್ ಕಟ್ಟಿದ ಸ್ಕ್ವಿಂಟ್ ಸಂಸ್ಥೆ ಸೇರಿ 1997ರಲ್ಲಿ ಹೊಸ ಆಲ್ಬಂ ತಂದಿತು. ಲೀ ನ್ಯಾಶ್ ಹಾಡಿದ ‘ಕಿಸ್ ಮಿ’ 1999ರಲ್ಲಿ ಬಿಲ್‌ಬೋರ್ಡ್‌ನ ಎರಡನೇ ಸ್ಥಾನಕ್ಕೇರಿತು. ಆ ಹಾಡಿನ ಬೆಳಕಿನಲ್ಲಿ ತಂಡದ ‘ದಿಸ್ ಬ್ಯೂಟಿಫುಲ್ ಮೆಸ್’ (1995) ಮಸುಕಾದದ್ದು ನಷ್ಟವೇ. ಗಿಟಾರಿನ ಒರಟುತನ, ಸಂಗೀತದ ಸಂಯಮ ಎರಡರಲ್ಲೂ ಅದು ಹೆಚ್ಚಿನದು.

ಮುಂದಿನ ಪೀಳಿಗೆ ಕ್ರೈಸ್ತ ಎಂಬ ಹಣೆಪಟ್ಟಿಯನ್ನೇ ಕಳಚಿತು. ಡೇವಿಡ್ ಬಜಾನ್ ಪೀಡ್ರೋ ದ ಲಯನ್ ಹೆಸರಿನಲ್ಲಿ ಹಾಡಿದ ‘ಕಂಟ್ರೋಲ್’ (2002) ಹಾದರ, ದುರಾಸೆ, ಕೊಲೆಯ ಕಥೆ. 2009ರ ‘ಕರ್ಸ್ ಯುವರ್ ಬ್ರಾಂಚಸ್’ನಲ್ಲಿ ಆತ ನಂಬಿಕೆ ಕಳೆದುಕೊಂಡದ್ದನ್ನೇ ಹಾಡಿದ, ಅದೇ ವರ್ಷ ಕಾರ್ನರ್‌ಸ್ಟೋನ್ ಆತನನ್ನು ವೇದಿಕೆಗೆ ಕರೆಯಿತು. ಭಕ್ತಿಯ ಹಾಡನ್ನು ಸುಫ್ಯಾನ್ ಸ್ಟೀವನ್ಸ್ 2004ರ ‘ಸೆವೆನ್ ಸ್ವಾನ್ಸ್’ ಮೂಲಕ ಸಾಮಾನ್ಯ ಶ್ರೋತೃಗಳ ನಡುವೆಯೇ ಹಾಡಿದ. ಹೀಗೆ ಎರಡು ಮಾರುಕಟ್ಟೆಗಳ ನಡುವಿನ ಗೋಡೆ ತೆಳುವಾದಂತೆ ಆ ಗೋಡೆಯ ಪಕ್ಕದಲ್ಲಿ ಬೆಳೆದ ಪ್ರಕಾರಕ್ಕೆ ನೆಲೆ ಇಲ್ಲವಾಯಿತು. ಪುಸ್ತಕದಂಗಡಿಗಳು ಒಂದೊಂದಾಗಿ ಮುಚ್ಚಿದವು, ಸಭೆಗಳಲ್ಲಿ ಹಾಡುವ ಆರಾಧನಾ ಗೀತೆಗಳೇ ಕ್ರೈಸ್ತ ಸಂಗೀತೋದ್ಯಮದ ಮುಖ್ಯ ಸರಕಾದವು. 2012ರ ಉತ್ಸವವೇ ಕಾರ್ನರ್‌ಸ್ಟೋನ್‌ನ ಕೊನೆಯದು.

ಹದಿಹರೆಯದಲ್ಲಿ ಈ ಆಲ್ಬಂಗಳನ್ನು ಕೇಳಿದವರು ನಡುವಯಸ್ಸಿಗೆ ಬಂದ ಮೇಲೆ ಅವುಗಳ ಎರಡನೇ ಜೀವನ ಶುರುವಾಯಿತು. ಮರಳಿ ಕೇಳಿದಾಗ ಎಲ್ಲವೂ ನಿಲ್ಲುವುದಿಲ್ಲ. 1980ರ ದಶಕದ ಹಲವು ಆಲ್ಬಂಗಳಲ್ಲಿ ಅಗ್ಗದ ಕೀಬೋರ್ಡುಗಳ ತೆಳು ಸದ್ದು, ಗುಡುಗುವ ಡ್ರಮ್ಮು ಆ ಕಾಲಕ್ಕೇ ಕಟ್ಟಿಹಾಕಿದಂತಿವೆ. ಕಡಿಮೆ ಹಣದಲ್ಲಿ, ಕೆಲವೇ ದಿನಗಳಲ್ಲಿ ಮುಗಿಸಿದ ಕೆಲಸ ಕಿವಿಗೆ ತಿಳಿಯುತ್ತದೆ. ತಂಡಗಳು ಬಹುಪಾಲು ಬಿಳಿಯ ಗಂಡಸರವು. ಹಾಗಿದ್ದೂ ‘ಡಾರ್ನ್ ಫ್ಲೋರ್’, ‘ಸರ್ಕಲ್ ಸ್ಲೈಡ್’, ‘ಡಿಗ್’, ಹರ್ಡ್‌ನ ಕೊನೆಯ ಮೂರು ಆಲ್ಬಂಗಳು, ಸ್ಟಾರ್‌ಫ್ಲೈಯರ್‌ನ ಮೊದಲೆರಡು ಆಲ್ಬಂಗಳು ಅದೇ ಕಾಲದ ಯಾವ ಹೆಸರಾಂತ ರಾಕ್ ಕೃತಿಯ ಪಕ್ಕದಲ್ಲೂ ಕೂರಬಲ್ಲವು. ಅವುಗಳಲ್ಲಿ ಒಗಟೆನಿಸಿದ್ದ ಹಾಡುಗಳು ಮದುವೆ, ಸಾವು, ಸೋಲುಗಳನ್ನು ಕಂಡ ಕೇಳುಗರಿಗೆ ಈಗ ನೇರವಾಗಿ ತಾಗುತ್ತವೆ. ಚರ್ಚಿನಲ್ಲಿ ಉಳಿದವರೂ ಬಿಟ್ಟವರೂ ಒಂದೇ ಆಲ್ಬಂ ಅನ್ನು ತಮ್ಮದೆನ್ನುವುದು ಈ ಪರಂಪರೆಯಲ್ಲಿ ಸಾಮಾನ್ಯ.

ಹಳೆಯ ಆಲ್ಬಂಗಳ ಮರುಮುದ್ರಣಕ್ಕೆ ಮುಖ್ಯ ತೊಡಕು ಹಕ್ಕುಗಳದು. ಸಣ್ಣ ಸಂಸ್ಥೆಗಳು ಮುಚ್ಚಿದಾಗ, ದೊಡ್ಡವು ಕೈಬದಲಾದಾಗ ಮೂಲ ಧ್ವನಿಸುರುಳಿಗಳು ಎಲ್ಲೆಲ್ಲೋ ಸೇರಿದವು. ಈ ಕೊರತೆಯನ್ನು ಕೇಳುಗರೇ ಚಂದಾ ಎತ್ತಿ ಸ್ವಲ್ಪಮಟ್ಟಿಗೆ ತುಂಬಿದ್ದಾರೆ. 2011ರಲ್ಲಿ ಡೆನ್ವರ್‌ನ ಫೈವ್ ಐರನ್ ಫ್ರೆಂಜಿ ತಂಡ ಹೊಸ ಆಲ್ಬಂಗಾಗಿ ಕಿಕ್‌ಸ್ಟಾರ್ಟರ್‌ನಲ್ಲಿ 30,000 ಡಾಲರ್ ಕೇಳಿದಾಗ 2 ಲಕ್ಷ ಡಾಲರಿಗೂ ಹೆಚ್ಚು ಬಂತು. ಡ್ಯಾನಿಯಲ್ ಏಮಸ್ 2013ರಲ್ಲಿ ‘ಡಿಗ್ ಹಿಯರ್ ಸೆಡ್ ದ ಏಂಜೆಲ್’ ತಂದದ್ದೂ, ದ ಕ್ವಾಯರ್ 2018ರಲ್ಲಿ ‘ಬ್ಲಡ್‌ಶಾಟ್’ ತಂದದ್ದೂ ಇದೇ ದಾರಿಯಲ್ಲಿ. ‘ಓನ್ಲಿ ವಿಸಿಟಿಂಗ್ ದಿಸ್ ಪ್ಲಾನೆಟ್’ ಆಲ್ಬಂ ಅನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ 2013ರ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿತು. ಮೈಕಲ್ ನಾಟ್ 2024ರ ಮಾರ್ಚ್‌ನಲ್ಲಿ ತೀರಿಕೊಂಡ. ಟೆರ‍್ರಿ ಟೇಲರ್, ರೋ, ಡಾಹರ್ಟಿ ಇತ್ತೀಚಿನ ವರ್ಷಗಳಲ್ಲಿಯೂ ಸಣ್ಣ ಸಭಾಂಗಣಗಳಲ್ಲಿ, ಅಭಿಮಾನಿಗಳ ಮನೆಯ ಹಜಾರಗಳಲ್ಲಿ ಹಾಡಿದ್ದಾರೆ.